ಜರ್ಮನ್ ಟೆಲಿವಿಷನ್ನಿನ ಪ್ರಣಯ ಹಾಸ್ಯಚಿತ್ರವೊಂದು ನಿರಾಶೆಗೊಳಿಸಿತು: ಕೊರತೆ ಎಲ್ಲಿದೆ?

ಪ್ರಶ್ನೆ

ನಾನು ಜರ್ಮನ್ ಕಲಿಯಲು ತೊಡಗಿ ಮೂರು ವರ್ಷಗಳಾದವು. ಕಿವಿ ಪಳಗಲಿ ಎಂದು ಅಲ್ಲಿನ ಸಾರ್ವಜನಿಕ ವಾಹಿನಿಗಳ ಟೆಲಿಚಿತ್ರಗಳನ್ನು ನೋಡುತ್ತ ಬಂದಿದ್ದೇನೆ. ಕಳೆದ ವಾರ ನೋಡಿದ ತೊಂಬತ್ತು ನಿಮಿಷಗಳ ಪ್ರಣಯ ಹಾಸ್ಯಚಿತ್ರವೊಂದು ನನ್ನನ್ನು ತೀರ ನಿರಾಶೆಗೊಳಿಸಿತು. ಇದೇ ಬಗೆಯ ಹಲವು ಚಿತ್ರಗಳಲ್ಲಿ ಇದೇ ಅನುಭವವಾಗಿರುವುದರಿಂದ ಆ ಒಂದು ಚಿತ್ರದ ಹೆಸರನ್ನು ಇಲ್ಲಿ ಎತ್ತುವುದಿಲ್ಲ.

ಕಥೆ ಹೀಗಿದೆ. ಹ್ಯಾಂಬರ್ಗಿನಲ್ಲಿ ವಾಸ್ತುಶಿಲ್ಪಿಯಾಗಿರುವ ನಾಯಕಿಗೆ ಬಾಲ್ಟಿಕ್ ಸಮುದ್ರದ ರ‍್ಯೂಗನ್ ದ್ವೀಪದಲ್ಲಿರುವ, ತಾನು ಒಮ್ಮೆಯೂ ಕಾಲಿಡದ ಅತಿಥಿಗೃಹವೊಂದು ಅಜ್ಜಿಯ ಆಸ್ತಿಯಾಗಿ ದಕ್ಕುತ್ತದೆ. ಅದನ್ನು ಮಾರಿ ನಾಲ್ಕೇ ದಿನಗಳಲ್ಲಿ ಮರಳುವುದು ಅವಳ ಯೋಚನೆ. ಮನೆಯನ್ನು ನೋಡಿಕೊಳ್ಳುತ್ತಿರುವ ಬಡಗಿಯೊಂದಿಗೆ ಮೊದಲ ದಿನ ಜಗಳವಾಗುತ್ತದೆ, ಮೂರನೆಯ ದಿನ ಒಲವು ಮೂಡುತ್ತದೆ. ಅಷ್ಟರಲ್ಲಿ ಅವನು ಬಂದರಿನಲ್ಲಿ ಬೇರೊಬ್ಬಳನ್ನು ತಬ್ಬಿಕೊಂಡದ್ದನ್ನು ದೂರದಿಂದ ಕಂಡ ನಾಯಕಿ, ಯಾರನ್ನೂ ಏನನ್ನೂ ಕೇಳದೆ ದ್ವೀಪವನ್ನೇ ಬಿಟ್ಟು ಹೊರಡುತ್ತಾಳೆ. ತಬ್ಬಿಕೊಂಡವಳು ಅವನ ತಂಗಿ. 'ಅವಳು ಯಾರು' ಎಂಬ ಎರಡು ಪದಗಳನ್ನು ನಾಯಕಿ ಆಡಿದ್ದರೆ ಕೊನೆಯ ಅರ್ಧ ಗಂಟೆಗೆ ಕಾರಣವೇ ಇರುತ್ತಿರಲಿಲ್ಲ.

ಚಿತ್ರ ಪೂರ್ತಿ ಕೆಟ್ಟದ್ದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಬ್ಬರು ಕಲಾವಿದರೂ ಸಮರ್ಥರು. ಉಬ್ಬಿಕೊಂಡ ಬಾಗಿಲೊಂದನ್ನು ಇಬ್ಬರೂ ಸೇರಿ ತಳ್ಳುತ್ತ, ಅತ್ಯಂತ ಸೌಜನ್ಯದ ಮಾತುಗಳಲ್ಲೇ ಒಬ್ಬರನ್ನೊಬ್ಬರು ದೂರುವ ಮೊದಲ ಭೇಟಿಯ ದೃಶ್ಯವಂತೂ ಬಹಳ ಚೆನ್ನಾಗಿತ್ತು. ಅಲ್ಲಿದ್ದ ಜೀವ ಅನಂತರ ಎಲ್ಲಿ ಹೋಯಿತು? ಇಂಗ್ಲಿಷ್ ಅಡಿಬರಹಗಳ ಆಸರೆಯಿಂದ ನೋಡುವ ನನಗೆ ಹಾಸ್ಯ ದಕ್ಕುತ್ತಿಲ್ಲವೇ, ಅಥವಾ ಬರವಣಿಗೆಯೇ ಸೊರಗಿದೆಯೇ? ಬಲ್ಲವರು ತಿಳಿಸಬೇಕು.

ಮೊದಲ ಉತ್ತರ

ಇಂಥ ಚಿತ್ರಗಳು ಯಾವ ಹೊತ್ತಿಗಾಗಿ ತಯಾರಾಗುತ್ತವೆ ಎಂಬುದನ್ನು ತಿಳಿದರೆ ಅರ್ಧ ಉತ್ತರ ಸಿಗುತ್ತದೆ. ಜರ್ಮನಿಯಲ್ಲಿ ಸಂಜೆಯ ಮುಖ್ಯ ಕಾರ್ಯಕ್ರಮ ಶುರುವಾಗುವುದು 8.15ಕ್ಕೆ, ಸಾರ್ವಜನಿಕ ವಾಹಿನಿ ಎಆರ್‌ಡಿಯ ಎಂಟು ಗಂಟೆಯ ವಾರ್ತೆ ಹದಿನೈದು ನಿಮಿಷದ್ದಾದ್ದರಿಂದ ಇಡೀ ದೇಶದ ವಾಹಿನಿಗಳು ಆ ಗಡಿಯಾರಕ್ಕೆ ಹೊಂದಿಕೊಂಡಿವೆ. ಭಾನುವಾರ ಆ ಹೊತ್ತಿಗೆ ಎಆರ್‌ಡಿ 1970ರಿಂದ ನಡೆದುಬಂದ 'ಟಾಟೋರ್ಟ್' ಪತ್ತೇದಾರಿ ಮಾಲಿಕೆಯನ್ನು ತೋರಿಸಿದರೆ, ಇನ್ನೊಂದು ಸಾರ್ವಜನಿಕ ವಾಹಿನಿ ಝಡ್‌ಡಿಎಫ್ ಪ್ರಣಯಚಿತ್ರಗಳನ್ನು 'ಹೆರ್ಟ್ಸ್‌ಕೀನೊ', ಅಂದರೆ ಹೃದಯದ ಸಿನಿಮಾ ಎಂಬ ಹೆಸರಿನಲ್ಲಿ ತೋರಿಸುತ್ತದೆ. ಒಂದು ಕಡೆ ಕೊಲೆ, ಇನ್ನೊಂದು ಕಡೆ ಒಲವು. ಕುಟುಂಬಗಳು ಎರಡರಲ್ಲೊಂದನ್ನು ಆರಿಸಿಕೊಳ್ಳುತ್ತವೆ.

ಈ ಪ್ರಣಯಚಿತ್ರಗಳ ಅಚ್ಚು ಬಹುಮಟ್ಟಿಗೆ ಬ್ರಿಟಿಷ್ ಕಾದಂಬರಿಕಾರ್ತಿ ರೋಸಮಂಡ್ ಪಿಲ್ಚರ್ ಅವರ ಕಥೆಗಳನ್ನು ಆಧರಿಸಿ 1993ರಲ್ಲಿ ಆರಂಭವಾದ ಸರಣಿಯಿಂದ ಬಂದದ್ದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದ ಕಡಲಬಂಡೆಗಳ ಮೇಲೆ ಜರ್ಮನ್ ನಟರು ಇಂಗ್ಲಿಷ್ ಹೆಸರುಗಳನ್ನಿಟ್ಟುಕೊಂಡು ಜರ್ಮನ್ ಮಾತನಾಡುತ್ತಾರೆ. 2004ರಿಂದ ಇಂಗಾ ಲಿಂಡ್‌ಸ್ಟ್ರಮ್ ಎಂಬ ಕಾವ್ಯನಾಮದ ಚಿತ್ರಗಳು ಇದನ್ನೇ ಸ್ವೀಡನ್ನಿಗೆ ಒಯ್ದವು. ಮೊದಲು ನೆಲದ ಚೆಲುವು, ಆಮೇಲೆ ಆನುವಂಶಿಕವಾಗಿ ಬಂದ ಮನೆ, ಆಮೇಲೆ ಇಬ್ಬರು ಮನುಷ್ಯರು ಎಂಬ ಈ ಅನುಕ್ರಮವನ್ನು ನೀವು ನೋಡಿದ ಚಿತ್ರವೂ ಪಾಲಿಸಿದೆ. ಝಡ್‌ಡಿಎಫ್‌ನಲ್ಲಾದರೆ 9.45ಕ್ಕೆ ವಾರ್ತೆ ಕಾದಿರುತ್ತದೆ, ಹಾಗಾಗಿ ಚಿತ್ರ ತೊಂಬತ್ತು ನಿಮಿಷಗಳಲ್ಲಿ ಮುಗಿಯಲೇಬೇಕು. ಒಂದು ಗಂಟೆಯ ಆಸುಪಾಸಿನಲ್ಲಿ ಜೋಡಿ ಅಗಲಲೇಬೇಕಾದ್ದರಿಂದ ಕೈಗೆ ಸಿಕ್ಕ ತಪ್ಪು ತಿಳಿವಳಿಕೆಯನ್ನು ತಂದು ತುರುಕುತ್ತಾರೆ.

ಆದರೆ ಇದನ್ನು ಸಮರ್ಥನೆ ಎಂದು ನಾನು ಒಪ್ಪುವುದಿಲ್ಲ. ಸಾರ್ವಜನಿಕ ವಾಹಿನಿಗಳು ರಾತ್ರಿ ಎಂಟರ ನಂತರ ಜಾಹೀರಾತು ಹಾಕುವಂತಿಲ್ಲ, ಭಾನುವಾರ ಇಡೀ ದಿನ ಹಾಕುವಂತಿಲ್ಲ. ಅವುಗಳನ್ನು ಮುಖ್ಯವಾಗಿ ನಡೆಸುವುದು ಪ್ರತಿ ಮನೆಯೂ ಕೊಡುವ ಶುಲ್ಕ. 2021ರ ಆಗಸ್ಟಿನಲ್ಲಿ ಅದು ತಿಂಗಳಿಗೆ 18.36 ಯೂರೋಗೆ ಏರಿತು. ಜಾಹೀರಾತುದಾರನ ಮುಲಾಜಿಲ್ಲದೆ ಕಥೆ ಹೇಳುವ ಇಂಥ ಅವಕಾಶ ಜಗತ್ತಿನಲ್ಲಿ ಎಷ್ಟು ಜನ ಬರಹಗಾರರಿಗಿದೆ? ಅದನ್ನು ಹೀಗೆ ವ್ಯಯಿಸುವುದು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಎರಡನೆಯ ಉತ್ತರ

ಒಂದು ಮಾತನ್ನು ಈ ಚಿತ್ರಗಳ ಪರವಾಗಿಯೂ ಹೇಳಬೇಕು. ವಾರದ ದಣಿವಿನ ಕೊನೆಯಲ್ಲಿ, ಮರುದಿನದ ಕೆಲಸದ ಚಿಂತೆಯ ನಡುವೆ, ಎಲ್ಲವೂ ಸರಿಹೋಗುತ್ತದೆ ಎಂದು ಮೊದಲೇ ಗೊತ್ತಿರುವ ಕಥೆಯನ್ನು ಬಯಸುವುದು ಕೀಳು ಅಭಿರುಚಿಯಲ್ಲ. ಜರ್ಮನಿಯಲ್ಲಿ ಒಂಟಿಯಾಗಿದ್ದ ದಿನಗಳಲ್ಲಿ ನಾನೂ ಇವನ್ನು ತಪ್ಪದೆ ನೋಡುತ್ತಿದ್ದೆ ಮತ್ತು ಅವುಗಳಿಗೆ ಋಣಿಯಾಗಿದ್ದೇನೆ. ಕೊನೆ ಗೊತ್ತಿರುವುದು ದೋಷವಲ್ಲ; ಆ ಕೊನೆಯನ್ನು ಪಾತ್ರಗಳು ಸಂಪಾದಿಸದೆ ಇರುವುದು ದೋಷ ಎಂಬ ನಿಮ್ಮ ಇಂಗಿತವನ್ನು ಮಾತ್ರ ಒಪ್ಪುತ್ತೇನೆ.

ಮೂರನೆಯ ಉತ್ತರ

ಅಡಿಬರಹಗಳ ಬಗ್ಗೆ ನೀವು ಕೇಳಿದ್ದೀರಿ. ಅವು ನಿಮ್ಮಿಂದ ಒಂದು ಮುಖ್ಯ ಸಂಗತಿಯನ್ನು ಖಂಡಿತ ಮರೆಮಾಡಿವೆ. ಜರ್ಮನ್ನಿನ 'ಝೀ' ಮತ್ತು 'ಡೂ' ನಮ್ಮ 'ನೀವು' ಮತ್ತು 'ನೀನು'ಗಳಿಗೆ ಬಹಳ ಹತ್ತಿರ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಜರ್ಮನ್ನರಲ್ಲಿ ಬಹುವಚನದಿಂದ ಏಕವಚನಕ್ಕೆ ಇಳಿಯುವುದು ತಾನಾಗಿ ಆಗುವುದಿಲ್ಲ, ಒಬ್ಬರು ಅದನ್ನು ಬಾಯಿಬಿಟ್ಟು ನೀಡಬೇಕು, ಇನ್ನೊಬ್ಬರು ಸ್ವೀಕರಿಸಬೇಕು. ರೂಢಿಯ ಪ್ರಕಾರ ಹಿರಿಯರು ಕಿರಿಯರಿಗೆ, ಮೇಲಧಿಕಾರಿ ಕೈಕೆಳಗಿನವರಿಗೆ ನೀಡುವುದು. ಒಮ್ಮೆ ಕೊಟ್ಟ ಏಕವಚನವನ್ನು ಹಿಂದಕ್ಕೆ ಪಡೆಯುವುದು ಅವಮಾನಕ್ಕೆ ಸಮ. ಪ್ರಣಯ ಹಾಸ್ಯವನ್ನು ಬರೆಯುವವನಿಗೆ ಇದಕ್ಕಿಂತ ಹೆಚ್ಚಿನ ಕೊಡುಗೆಯನ್ನು ಒಂದು ಭಾಷೆ ಕೊಡಲಾರದು. ಒಲಿದ ಇಬ್ಬರು ಯಾವ ಕ್ಷಣದಲ್ಲಿ, ಯಾರ ಬಾಯಿಂದ ಮೊದಲು, ಬೇಕೆಂದೋ ಬಾಯಿತಪ್ಪಿಯೋ 'ನೀನು' ಎನ್ನುತ್ತಾರೆ ಎಂಬ ಒಂದೇ ಎಳೆಯ ಮೇಲೆ ಒಂದು ಚಿತ್ರವನ್ನೇ ನಿಲ್ಲಿಸಬಹುದು.

ನಿಮ್ಮ ವಿವರಣೆಯಿಂದ ನಾನೂ ನೋಡಿದ ಚಿತ್ರವೇ ಇದೆಂದು ತೋರುತ್ತದೆ. ಬಾಗಿಲಿನ ದೃಶ್ಯ ನಿಮಗೆ ಹಿಡಿಸಿದ್ದಕ್ಕೆ ಕಾರಣ ಅಲ್ಲಿನ 'ಝೀ'. ಸೌಜನ್ಯದ ಪದವೇ ಅಲ್ಲಿ ಆಯುಧವಾಗಿದೆ. ಆದರೆ ಮುಂದೆ ಬರಹಗಾರರು ಮಾಡಿದ್ದೇನು? ಒಂದು ದೃಶ್ಯದಲ್ಲಿ ಬಹುವಚನವಿದೆ, ಸಮುದ್ರದ ಮೇಲೆ ಸೂರ್ಯ ಮುಳುಗುವುದನ್ನು ತೋರಿಸುತ್ತಾರೆ, ಮುಂದಿನ ದೃಶ್ಯದಲ್ಲಿ ಏಕವಚನ ಬಂದಾಗಿದೆ. ಕಥೆಯ ಅತಿ ಮುಖ್ಯ ಘಟನೆ ಪರದೆಯ ಹಿಂದೆ ನಡೆದುಹೋಗಿದೆ.

ಇದೇ ಸಾಮಗ್ರಿಯಿಂದ ಏನು ಸಾಧ್ಯ ಎಂಬುದಕ್ಕೆ ಜರ್ಮನಿಯ ಹಾಸ್ಯ ಕಲಾವಿದ ಲೋರಿಯೊ ಅವರನ್ನು ನೋಡಬೇಕು. ರೇಡಿಯೊ ಬ್ರೆಮನ್ ಸಂಸ್ಥೆಗಾಗಿ 1970ರ ದಶಕದಲ್ಲಿ ಅವರು ಮಾಡಿದ ಪ್ರಹಸನವೊಂದರಲ್ಲಿ ಮಧ್ಯವಯಸ್ಸಿನವನೊಬ್ಬ ಹೋಟೆಲಿನಲ್ಲಿ ಎದುರಿಗೆ ಕುಳಿತ ಮಹಿಳೆಗೆ ಗಂಭೀರವಾಗಿ ಪ್ರೇಮನಿವೇದನೆ ಮಾಡುತ್ತಾನೆ. ಅವನ ಮುಖಕ್ಕೆ ನೂಡಲ್ ತುಂಡೊಂದು ಅಂಟಿಕೊಂಡಿದೆ. ಅವಳು ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಅವನು ಬಹುವಚನದಲ್ಲೇ, ಈಗ ಏನೂ ಹೇಳಬೇಡಿ ಎಂದು ತಡೆಯುತ್ತಾನೆ. ಆ ಮಹಿಳೆಯ ಪಾತ್ರ ವಹಿಸಿದ ಇವೆಲಿನ್ ಹಾಮನ್ ಅವರ ಕಣ್ಣುಗಳು ಆ ತುಂಡನ್ನು ಹಿಂಬಾಲಿಸುವುದನ್ನು ನೋಡುವಾಗ ನಗುವಿನ ಜೊತೆಗೆ ಕರುಣೆಯೂ ಉಕ್ಕುತ್ತದೆ. ಇಲ್ಲಿಯೂ ಆಡದೆ ಉಳಿದ ಒಂದು ಮಾತೇ ತೊಡಕು. ಆದರೆ ಅದು ಆಡದೆ ಉಳಿಯುವುದು ಇನ್ನೊಬ್ಬರಿಗೆ ಕಿವಿಗೊಡಲಾರದ ಅವನ ಸ್ವಭಾವದಿಂದ. ನೀವು ನೋಡಿದ ನಾಯಕಿಯ ಮೌನಕ್ಕೆ ಅವಳ ಸ್ವಭಾವದಲ್ಲಿ ಯಾವ ಬೇರೂ ಇಲ್ಲ. ಬಾಗಿಲ ಬಳಿ ಅಷ್ಟು ನೇರವಾಗಿ ಮಾತನಾಡಿದವಳು ಬಂದರಿನಲ್ಲಿ ಮೂಕಿಯಾಗುತ್ತಾಳೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಬಾಗಿಲಿನ ದೃಶ್ಯವನ್ನು ಅಡಿಬರಹಗಳಿಲ್ಲದೆ ಮತ್ತೆ ಕೇಳಿಸಿಕೊಂಡೆ, 'ಝೀ' ಪದದ ಮೇಲೆ ಅವಳು ಹಾಕುವ ಒತ್ತು ಈಗ ಕಿವಿಗೆ ಬಿತ್ತು. ಆದರೂ ಒಂದು ಶಂಕೆ ಉಳಿದಿದೆ. ಗಟ್ಟಿಯಾದ ತೊಡಕು ಪಾತ್ರದಿಂದಲೇ ಬರಬೇಕೆಂದರೆ, ಇಷ್ಟು ಸಾಮಾನ್ಯ ಕಥೆಯಲ್ಲಿ ಅದಕ್ಕೆ ಅವಕಾಶ ಎಲ್ಲಿದೆ?

ನಾಲ್ಕನೆಯ ಉತ್ತರ

ಆ ಕಥೆ ಸಾಮಾನ್ಯವಲ್ಲ. ರ‍್ಯೂಗನ್ನಿನ ಅತಿಥಿಗೃಹ ಎಂದೊಡನೆ ಆ ಭಾಗದ ಹಿರಿಯರಿಗೆ ನೆನಪಾಗುವುದು ಸೂರ್ಯಾಸ್ತವಲ್ಲ, 1953. ಆ ವರ್ಷದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪೂರ್ವ ಜರ್ಮನಿಯ ಸರ್ಕಾರ 'ಆಕ್ತ್ಸಿಯೋನ್ ರೋಸ' ಎಂಬ ಹೆಸರಿನಲ್ಲಿ ಬಾಲ್ಟಿಕ್ ಕರಾವಳಿಯ ನಾನೂರಕ್ಕೂ ಹೆಚ್ಚು ಹೋಟೆಲು, ಅತಿಥಿಗೃಹಗಳನ್ನು ವಶಪಡಿಸಿಕೊಂಡಿತು. ಪೊಲೀಸರು ಲೆಕ್ಕಪತ್ರ ತಪಾಸಿಸಿ, ದಾಸ್ತಾನಿನಲ್ಲಿ ಸಿಕ್ಕ ಅಲ್ಪಸ್ವಲ್ಪ ಸರಕನ್ನೇ ಆರ್ಥಿಕ ಅಪರಾಧವೆಂದು ಹೊರಿಸಿ ಮಾಲೀಕರನ್ನು ಸೆರೆಗೆ ತಳ್ಳಿದರು. ಅನೇಕರು ಪಶ್ಚಿಮಕ್ಕೆ ಓಡಿಹೋದರು. ಮರದ ಜಗಲಿಗಳಿರುವ ಬಿಂಜ್, ಸೆಲ್ಲಿನ್ ಪಟ್ಟಣಗಳ ಆ ಬಿಳಿ ಮನೆಗಳಲ್ಲಿ ಎಷ್ಟೋ ಮನೆಗಳು ಮುಂದೆ ಕಾರ್ಮಿಕ ಸಂಘಟನೆಯ ರಜಾಗೃಹಗಳಾದವು. 1990ರಲ್ಲಿ ದೇಶ ಒಂದಾದಾಗ, ಪರಿಹಾರಧನಕ್ಕಿಂತ ಆಸ್ತಿಯ ಮರಳಿಕೆಗೇ ಮೊದಲ ಸ್ಥಾನ ಎಂಬ ತತ್ವದ ಮೇಲೆ ಕಾನೂನು ಬಂತು. ಪ್ರಾಮಾಣಿಕವಾಗಿ ಕೊಂಡವರಿಗೆ ಅದರಲ್ಲಿ ರಕ್ಷಣೆಯಿತ್ತಾದರೂ, ದಶಕಗಳಿಂದ ಒಂದೇ ಸೂರಿನಡಿ ಬಾಳಿದ ಕುಟುಂಬಗಳ ಎದುರು ಹಳೆಯ ಮಾಲೀಕರ ಮೊಮ್ಮಕ್ಕಳು ಕಾಗದ ಹಿಡಿದು ಬಂದು ನಿಂತ ಪ್ರಸಂಗಗಳು ಪೂರ್ವದಲ್ಲಿ ಬಹಳ ಕಹಿಯನ್ನು ಉಳಿಸಿದವು.

ಈಗ ನಿಮ್ಮ ಚಿತ್ರವನ್ನು ಮತ್ತೆ ಯೋಚಿಸಿ ನೋಡಿ. ಹ್ಯಾಂಬರ್ಗ್ ಪಶ್ಚಿಮದ ನಗರ, ಮನೆ ಪೂರ್ವದಲ್ಲಿದೆ, ಅಜ್ಜಿ ಎಂದೂ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದಿಲ್ಲ, ಮತ್ತು ಆ ಮನೆಯನ್ನು ಕಾಪಾಡುತ್ತ ಬಂದವನು ಒಬ್ಬ ಬಡಗಿ. ಅವಳಿಗೆ ಹಕ್ಕಿದೆ, ಅವನಿಗೆ ನೆನಪಿದೆ. ಇಬ್ಬರಲ್ಲಿ ಯಾರೂ ತಪ್ಪಿತಸ್ಥರಲ್ಲ. ಇಂಥ ಕಡೆ 'ನೀನು' ಎಂದು ಕರೆಯಲು ಹಿಂಜರಿಕೆ ಹುಟ್ಟುವುದಕ್ಕೆ ಬಂದರಿನ ತಂಗಿ ಬೇಕಿಲ್ಲ. ಇದನ್ನು ತಂದರೆ ಹಾಸ್ಯ ಭಾರವಾಗುತ್ತಿತ್ತು ಎಂದು ಕೆಲವರು ಹೇಳಬಹುದು. ನಾನು ಹಾಗೆ ಭಾವಿಸುವುದಿಲ್ಲ. ಒಂದೇ ಮನೆಯ ಬೀಗದ ಕೈಯನ್ನು ಇಬ್ಬರೂ ತಮ್ಮದೆಂದು ಹಿಡಿದು ನಿಂತಿರುವುದಕ್ಕಿಂತ ಒಳ್ಳೆಯ ಹಾಸ್ಯದ ಸನ್ನಿವೇಶ ಯಾವುದಿದೆ?

ಪ್ರಶ್ನೆ ಕೇಳಿದವರು

ಇದನ್ನು ಓದಿದ ಮೇಲೆ ಚಿತ್ರದ ಒಂದು ಪುಟ್ಟ ವಿವರ ನನ್ನನ್ನು ಕಾಡುತ್ತಿದೆ. ಬಾಗಿಲು ಬಿಡಿಸಿಕೊಂಡು ಒಳಗೆ ಬಂದಾಗ ದೀಪ ಹತ್ತುವುದಿಲ್ಲ. ನಾಯಕಿ ಕತ್ತಲಲ್ಲಿ ಗೋಡೆ ತಡಕುತ್ತ ನಿಲ್ಲುತ್ತಾಳೆ, ಬಡಗಿ ಮಾತ್ರ ಮುರಿದ ಮೂರನೆಯ ಮೆಟ್ಟಿಲನ್ನು ನೋಡದೆಯೇ ದಾಟಿ ಮೇಲೆ ಹೋಗುತ್ತಾನೆ. ಆ ಕಾಲಿಗೆ ಆ ಮನೆ ಎಷ್ಟು ವರ್ಷಗಳಿಂದ ಗೊತ್ತು ಎಂದು ಅವಳು ಕೇಳಲಿಲ್ಲ, ಬರೆದವರೂ ಕೇಳಲಿಲ್ಲ. ಮೊದಲ ಸಲ ನೋಡಿದಾಗ ನನಗೂ ಅದು ಹೊಳೆದಿರಲಿಲ್ಲ.