ಬೆಕ್ಕಿನ ಕಿವಿಯಲ್ಲಿ ಕಾಫಿ ಚರಟದಂಥ ಕಸ, ರಾತ್ರಿಯಿಡೀ ಕೆರೆತ

ಬೆಟ್ಟದಕೆಳಗಿನಮನೆ, ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಒಳಗೆ, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರು. ನಮ್ಮ ಚುಕ್ಕಿಗೆ ಮೂರು ವರ್ಷ. ಹದಿನೈದು ದಿನದಿಂದ ತಲೆ ಕೊಡವುತ್ತಲೇ ಇದ್ದಾಳೆ. ಎಡಗಿವಿ ಕೆರೆದೂ ಕೆರೆದೂ ಹಿಂದಿನ ಕೂದಲು ಉದುರಿ ಗಾಯವಾಗಿದೆ. ರಾತ್ರಿ ಕೆರೆಯುವಾಗ ಅವಳ ಕಾಲು ಮಂಚಕ್ಕೆ ಟಕಟಕ ಬಡಿಯುತ್ತದೆ, ನನಗೂ ನಿದ್ದೆಯಿಲ್ಲ. ನಿನ್ನೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಕಪ್ಪು ಕಸ, ಫಿಲ್ಟರಿನ ತಳದ ಕಾಫಿ ಚರಟದ ಹಾಗೆ.

ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆ ಎರಡು ಹನಿ ಬಿಡು ಅನ್ನುತ್ತಾರೆ ಅತ್ತೆ. ಪಕ್ಕದ ಮನೆಯವರು ನಾಯಿಯ ಉಣುಗಿಗೆ ತಂದಿದ್ದ ಔಷಧ ಕೊಟ್ಟಿದ್ದಾರೆ, ಕುತ್ತಿಗೆಗೆ ಹಚ್ಚಿ ಅಂತ. ಎರಡನ್ನೂ ಇನ್ನೂ ಹಾಕಿಲ್ಲ. ಈ ಮಳೆಯಲ್ಲಿ ಪೇಟೆಗೆ ಒಯ್ಯಲೇಬೇಕಾ? ಮನೆಯಲ್ಲಿ ಇನ್ನೊಂದು ಬೆಕ್ಕು, ಒಂದು ನಾಯಿ ಇವೆ.

ಹೊಳೆದಂಡೆ, ಕುಮಟಾ:
ಅಕ್ಕಾ, ಆ ನಾಯಿ ಔಷಧ ಮೊದಲು ವಾಪಸ್ ಕೊಟ್ಟುಬಿಡಿ. ಅಂಥ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕಿಗೆ ಅದು ವಿಷ. ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ಬೆಳ್ಳುಳ್ಳಿಯೂ ಬೆಕ್ಕಿನ ರಕ್ತಕ್ಕೆ ಕೇಡು. ಎಣ್ಣೆ ಮೈಗಿಳಿದರೆ ಅದು ನೆಕ್ಕದೆ ಬಿಡುತ್ತದೆಯೇ?

ನೀವು ಹೇಳಿದ್ದು ನೋಡಿದರೆ ಕಿವಿ ನುಸಿ ಇರಬೇಕು. ನಮ್ಮ ತೆಂಗಿನಕಾಯಿಗೆ ಬರುವ ನುಸಿಯ ದೂರದ ನೆಂಟ. ಮೈಗೆ ಮೈ ತಾಗಿ ನಾಯಿಗೂ ದಾಟುತ್ತದೆ. ಮೊಟ್ಟೆಯಿಂದ ಬಲಿಯಲು ಸುಮಾರು 3 ವಾರ ಬೇಕು, ನಾನು ಎಡವಿದ್ದು ಅಲ್ಲೇ. ನಮ್ಮ ಗಂಡುಬೆಕ್ಕಿಗೆ ವಾರದಲ್ಲಿ ಕೆರೆತ ನಿಂತಿತು, ಕಿವಿಗೆ ಔಷಧದ ಹನಿ ಬಿಡುವುದನ್ನು ನಾನೂ ನಿಲ್ಲಿಸಿದೆ. ತಿಂಗಳೊಳಗೆ ಮತ್ತೆ ಶುರು. ಈ ಸಲ ಕೆರೆತಕ್ಕೆ ಕಿವಿಹಾಳೆಯೊಳಗೆ ರಕ್ತ ತುಂಬಿ ಬನ್ನಿನ ಹಾಗೆ ಊದಿಕೊಂಡಿತು. ಕೊಯ್ದು ಹೊಲಿಗೆ ಹಾಕಿಸಬೇಕಾಯಿತು. ಈಗಲೂ ಆ ಕಿವಿ ಬಾಡಿದ ವೀಳ್ಯದೆಲೆಯಂತೆ ಮುದುಡಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಪಶುವೈದ್ಯ, ಅಂಕೋಲಾ:
ಮಳೆಯಾದರೂ ಕರೆದುಕೊಂಡು ಹೋಗಿ. ಕಪ್ಪು ಕಸವೆಲ್ಲ ನುಸಿಯೇ ಅಲ್ಲ, ಯೀಸ್ಟ್ ಎಂಬ ಶಿಲೀಂಧ್ರ ಬೆಳೆದರೂ ಹೀಗೇ ಕಾಣುತ್ತದೆ. ಚೂರು ಕಸವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಕಿವಿಯ ತಮಟೆ ಹರಿದಿದ್ದರೆ ಕೆಲವು ಹನಿಗಳಿಂದ ಕಿವುಡಾಗುವ ಭಯವಿದೆ, ಅದಕ್ಕೇ ನೋಡದೆ ಏನೂ ಬಿಡಬಾರದು. ಕಿವಿಕಡ್ಡಿಯೂ ಬೇಡ. ಬೆಕ್ಕಿನ ಕಿವಿಯ ದಾರಿ ಕೆಳಗಿಳಿದು ಒಳಕ್ಕೆ ತಿರುಗುತ್ತದೆ, ಕಡ್ಡಿ ಕಸವನ್ನು ಆ ತಿರುವಿಗೇ ತಳ್ಳುತ್ತದೆ. ನುಸಿಯೇ ಆದರೆ ಕುತ್ತಿಗೆಯ ಹಿಂದೆ ಹಚ್ಚುವ ಸೆಲಮೆಕ್ಟಿನ್‌ನಂಥ ಔಷಧವಿದೆ, ತೂಕ ನೋಡಿ ಕೊಡುತ್ತಾರೆ. ಮೂರೂ ಪ್ರಾಣಿಗಳಿಗೆ ಒಟ್ಟಿಗೇ ಆಗಬೇಕು. ತಲೆ ಒಂದು ಕಡೆ ವಾಲಿದರೆ, ನಡೆಯುವಾಗ ಓಲಾಡಿದರೆ ಅವತ್ತೇ ಹೊರಡಿ.

ಬೆಟ್ಟದಕೆಳಗಿನಮನೆ, ಶಿರಸಿ:
ಹೋಗಿ ಬಂದೆವು. ಹೆಡಗೆಯಲ್ಲಿ ಕೂರಿಸಿ, ಮೇಲೆ ಹಳೇ ಸೀರೆ ಬಿಗಿದು ಒಯ್ದೆ. ಬಸ್ಸಿಳಿಯುವವರೆಗೂ ಕೂಗಿದಳು. ನುಸಿಯೇ. ಡಾಕ್ಟರು ಕಸವನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಮಸೂರ ಕೊಟ್ಟರು, ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಚುಕ್ಕೆಗಳು ಹರಿದಾಡುತ್ತಿದ್ದವು. ಇಷ್ಟು ದಿನ ಇದನ್ನೆಲ್ಲ ಕಿವಿಯಲ್ಲಿಟ್ಟುಕೊಂಡು ಒದ್ದಾಡಿದಳಲ್ಲ ಅಂತ ಅಳು ಬಂತು. ತಮಟೆ ಸರಿಯಿದೆಯಂತೆ. ನಾಯಿಗೂ ಇನ್ನೊಂದು ಬೆಕ್ಕಿಗೂ ಔಷಧ ಕೊಟ್ಟರು. ಚುಕ್ಕಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡವರು ಅತ್ತೆಯೇ. ಮುಂದಿನ ಸಲ ಹಚ್ಚುವ ದಿನವನ್ನೂ ಅವರೇ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.