ಕಡಲ ಪ್ಯಾಡಲ್ ರೇಸ್: ಹೈಸ್ಕೂಲ್ ಮಕ್ಕಳಲ್ಲಿ ವರ್ಷದ ಉತ್ತಮರನ್ನು ಆರಿಸುವುದು ಹೇಗೆ?

ಅಲೆಸಾಲು
ಹೈಸ್ಕೂಲ್ ಮಕ್ಕಳ ತೆರೆದ ಕಡಲಿನ ಪ್ಯಾಡಲ್ ಸೀಸನ್ ಮುಗಿಯುತ್ತಾ ಬಂದಿದೆ. ಐದು ರೇಸ್, ಮೂರು ಬಗೆ: ಸರ್ಫ್‌ಸ್ಕೀ (ಮೇಲೆ ಕೂತು ನಡೆಸುವ ಉದ್ದ, ಕಿರಿದಾದ ಕಡಲ ಕಯಾಕ್), ಓಸಿ1 ಔಟ್‌ರಿಗರ್ (ಪಕ್ಕದಲ್ಲಿ ತೇಲುದಂಡವಿರುವ ಒಬ್ಬರ ದೋಣಿ), ಪ್ರೋನ್ ಬೋರ್ಡ್ (ಮಲಗಿ ಅಥವಾ ಮಂಡಿಯೂರಿ ಕೈಯಿಂದಲೇ ನೀರು ತಳ್ಳುವ ಹಲಗೆ). ವರ್ಷದ ಅತ್ಯುತ್ತಮ ಸ್ಪರ್ಧಿಗಳನ್ನು ಗೌರವಿಸಬೇಕು ಅಂತ ಸಮಿತಿ ತೀರ್ಮಾನಿಸಿದೆ. ಆದರೆ ಅಳತೆಗೋಲು ಯಾವುದು? ಅದೇ 12 ಕಿ.ಮೀ. ಕೋರ್ಸನ್ನು ಅದೇ ಹುಡುಗ ಬೆನ್ನುಗಾಳಿಯ ದಿನ 58 ನಿಮಿಷದಲ್ಲಿ ಮುಗಿಸಿದ್ದಾನೆ, ಎದುರುಗಾಳಿಯ ದಿನ 81 ನಿಮಿಷದಲ್ಲಿ. ಸ್ಥಾನವನ್ನಷ್ಟೇ ನೋಡೋಣ ಎಂದರೆ, ನಾಲ್ಕು ಮಂದಿಯ ರೇಸಿನಲ್ಲಿ ಮೊದಲು ಬಂದವನು ಮೂವತ್ತು ಮಂದಿಯಲ್ಲಿ ಮೂರನೆಯವಳಾಗಿ ಬಂದವಳಿಗಿಂತ ಮೇಲಾಗಿಬಿಡುತ್ತಾನೆ. ತಿಳಿದವರು ದಯವಿಟ್ಟು ಹೇಳಿ, ಹೇಗೆ ಲೆಕ್ಕ ಹಾಕಬೇಕು?

ಹುಟ್ಟುಗೋಲು
ಸಮಯವನ್ನು ಒಂದು ದಿನದಿಂದ ಇನ್ನೊಂದು ದಿನಕ್ಕೆ ಹೋಲಿಸುವುದನ್ನು ಮೊದಲು ಬಿಡಿ. ಈಜುಕೊಳದಲ್ಲಿ ನಡೆಯುವ ಲೆಕ್ಕ ಕಡಲಲ್ಲಿ ನಡೆಯುವುದಿಲ್ಲ. ಹವಾಯಿಯ ಮೊಲೊಕಾಯಿ ದ್ವೀಪದಿಂದ ಒವಾಹು ದ್ವೀಪಕ್ಕೆ 32 ಮೈಲಿಯ ಪ್ರೋನ್ ಬೋರ್ಡ್ ರೇಸನ್ನು ಆಸ್ಟ್ರೇಲಿಯಾದ ಜೇಮೀ ಮಿಚೆಲ್ 2002ರಿಂದ 2011ರವರೆಗೆ ಸತತ ಹತ್ತು ಸಲ ಗೆದ್ದರು. ಅವರ 4 ಗಂಟೆ 48 ನಿಮಿಷ 23 ಸೆಕೆಂಡಿನ ದಾಖಲೆ 2007ರದ್ದು. ಮಿಕ್ಕ ವರ್ಷಗಳಲ್ಲಿ ಗೆದ್ದವರೂ ಅವರೇ, ದಾಟಿದ್ದು ಆ ದ್ವೀಪಗಳ ನಡುವಿನ ಅದೇ ಕೈವಿ ಜಲಸಂಧಿಯನ್ನು, ಆದರೆ ಗಡಿಯಾರ ಬೇರೆ ಬೇರೆ ತೋರಿಸಿತು.

ಅಳೆಯಬೇಕಾದದ್ದು ಅದೇ ದಿನ, ಅದೇ ನೀರಿನಲ್ಲಿ, ಅದೇ ಬಗೆಯ ದೋಣಿಯಲ್ಲಿದ್ದವರ ನಡುವಿನ ಅಂತರ. ಆ ವಿಭಾಗದಲ್ಲಿ ಮೊದಲು ಬಂದ ಮೂವರ ಸರಾಸರಿ ತೆಗೆಯಿರಿ, ಅದನ್ನು ಸ್ಪರ್ಧಿಯ ಸಮಯದಿಂದ ಭಾಗಿಸಿ 100ರಿಂದ ಗುಣಿಸಿ. ಉದಾಹರಣೆಗೆ ಮೊದಲ ಮೂವರು 62:00, 62:40, 63:50 ಎಂದಿಟ್ಟುಕೊಳ್ಳಿ. ಸರಾಸರಿ 62:50, ಅಂದರೆ 3770 ಸೆಕೆಂಡು. ನಿಮ್ಮ ಹುಡುಗಿ 65:20ಕ್ಕೆ, ಅಂದರೆ 3920 ಸೆಕೆಂಡಿಗೆ ಮುಗಿಸಿದ್ದರೆ ಅವಳ ಅಂಕ 96.2. ಗೆದ್ದವರೊಬ್ಬರನ್ನೇ ಅಳತೆಗೋಲು ಮಾಡಬೇಡಿ. ಒಂದು ರೇಸಿಗೆ ಮಾತ್ರ ಅಸಾಧಾರಣ ಸ್ಪರ್ಧಿಯೊಬ್ಬ ಬಂದುಹೋದರೆ ಆ ದಿನ ಬಂದವರೆಲ್ಲರ ಅಂಕ ಕುಸಿಯುತ್ತದೆ.

ಐದರಲ್ಲಿ ಒಳ್ಳೆಯ ಮೂರನ್ನು ಹಿಡಿಯಿರಿ, ಆದರೆ ಆ ಮೂರರಲ್ಲಿ ಒಂದಾದರೂ ಬೆನ್ನುಗಾಳಿಯದು, ಒಂದಾದರೂ ಅಡ್ಡಗಾಳಿಯದೋ ಎದುರುಗಾಳಿಯದೋ ಇರಲೇಬೇಕು. ಇಲ್ಲದಿದ್ದರೆ ಸಪಾಟು ನೀರಿನ ಬಲಶಾಲಿಗೇ ಕಡಲಿನ ಪ್ರಶಸ್ತಿಯೂ ಹೋಗುತ್ತದೆ. ಹವಾಯಿಯ ಹೈಸ್ಕೂಲ್ ಕನೂ ಪಂದ್ಯ ಆರು ಜನರ ದೋಣಿಯಲ್ಲಿ ಅರ್ಧ ಮೈಲಿಯದು. ಅಲ್ಲಿ ಮಿಂಚುವ ಮಗು ಕಡಲಲ್ಲೂ ಮಿಂಚಬಹುದು, ಆದರೆ ಎರಡೂ ಒಂದೇ ಪರೀಕ್ಷೆಯಲ್ಲ.

ಐದಕ್ಕಿಂತ ಕಡಿಮೆ ಮಂದಿ ಮುಗಿಸಿದ ವಿಭಾಗಕ್ಕೆ ಈ ಸೂತ್ರ ಹಾಕಬೇಡಿ. ನಾಲ್ವರಲ್ಲಿ ಮೂವರು ತಮಗೆ ತಾವೇ ಅಳತೆಗೋಲಾಗಿಬಿಡುತ್ತಾರೆ. ಅಲ್ಲಿ ಅದೇ ಕೋರ್ಸ್ ಮುಗಿಸಿದ, ಅದೇ ಬಗೆಯ ದೋಣಿಯ ವಯಸ್ಕ ವಿಭಾಗದ ಮೊದಲ ಮೂವರನ್ನು ಇಟ್ಟುಕೊಳ್ಳಿ. ಎಲ್ಲರ ಅಂಕವೂ ತಗ್ಗುತ್ತದೆ, ಆದ್ದರಿಂದ ಆ ವಿಭಾಗಕ್ಕೆ ಇಡೀ ಸೀಸನ್ ಅದೇ ಅಳತೆ ನಡೆಯಲಿ.

ತೆರೆನೋಟ
ಹುಟ್ಟುಗೋಲು ಅವರ ಲೆಕ್ಕ ಸರಿ. ಆದರೆ ಅದು ಯಾರು ಬೇಗ ಬಂದರು ಅಂತ ಹೇಳುತ್ತದೆಯೇ ಹೊರತು ಯಾರಿಗೆ ಕಡಲು ಓದಲು ಬರುತ್ತದೆ ಅಂತ ಹೇಳುವುದಿಲ್ಲ. ಬೆನ್ನುಗಾಳಿ ರೇಸಿನ ಜಿಪಿಎಸ್ ದಾಖಲೆ ತರಿಸಿಕೊಳ್ಳಿ. ಜಿಪಿಎಸ್ ಕೈಗಡಿಯಾರವನ್ನು ಪ್ರತಿ ಸೆಕೆಂಡಿಗೊಮ್ಮೆ ದಾಖಲಿಸುವಂತೆ ಇಡಲು ಮೊದಲೇ ಹೇಳಿರಬೇಕು. ಗಡಿಯಾರವೇ ಕೆಲವು ಬಿಂದುಗಳನ್ನಷ್ಟೇ ಆರಿಸಿ ಬರೆದುಕೊಳ್ಳುವ ‘ಸ್ಮಾರ್ಟ್’ ದಾಖಲೆಯಲ್ಲಿ ಏರಿಳಿತ ಮಾಯವಾಗಿ ಗೆರೆ ನುಣ್ಣಗಾಗುತ್ತದೆ.

ಅಲೆ ಹಿಡಿಯಬಲ್ಲವರ ವೇಗದ ಗೆರೆ ಗರಗಸದ ಹಲ್ಲಿನ ಹಾಗಿರುತ್ತದೆ. ಹಿಂದಿನ ಅಲೆ ದೋಣಿಯ ಬಾಲವನ್ನು ಎತ್ತುತ್ತದೆ, ಮೂತಿ ಮುಂದಿನ ತಗ್ಗಿಗೆ ಬಾಗುತ್ತದೆ. ಆ ಗಳಿಗೆಯಲ್ಲಿ ನಾಲ್ಕರಿಂದ ಆರು ಗಟ್ಟಿ ಹುಟ್ಟು, ಆಮೇಲೆ ಕೈ ಹಗುರ. ದೋಣಿ ತಾನಾಗಿ ಜಾರುತ್ತಿರುವಾಗ ಅವರ ಕಣ್ಣು ಮುಂದಿನ ಅಲೆಯ ಬೆನ್ನಿನ ಮೇಲಲ್ಲ, ಅದರ ಪಕ್ಕದಲ್ಲಿ ತೆರೆದುಕೊಳ್ಳುವ ತಗ್ಗಿನ ಮೇಲಿರುತ್ತದೆ. ಬಾರದವರು ಅಲೆಯ ಬೆನ್ನು ಹತ್ತಲು ಸುಮ್ಮನೆ ಶಕ್ತಿ ಸುರಿಯುತ್ತಾರೆ. ಹೃದಯ ಬಡಿತ ಮೇಲೆಯೇ ನಿಂತಿರುತ್ತದೆ, ವೇಗ ಏರುವುದಿಲ್ಲ. ವೇಗ ಏರಿದ ಹೊತ್ತಿಗೆ ಹುಟ್ಟಿನ ಲಯ ತಗ್ಗಿತೇ ಅಂತ ನೋಡಿ, ಎಲ್ಲ ಅದರಲ್ಲೇ ಇದೆ.

ಇದನ್ನು ಅಂಕಕ್ಕೆ ಸೇರಿಸಬೇಡಿ. ‘ಕಡಲು ಓದುವ ಕೌಶಲ’ ಅಂತ ಬೇರೆ ಗೌರವ ಕೊಡಿ. ಮೈಬಲ ಇನ್ನೂ ಬಾರದ 14ರ ಮಗು ಅಲ್ಲಿ ಗೆಲ್ಲಬಹುದು, ಗೆಲ್ಲಬೇಕು ಕೂಡ.

ಲಂಗರು
ಅಂಕದ ಮಾತಿಗೂ ಮೊದಲು ಬಾಗಿಲು ಕಾಯುವ ನಿಯಮ ಬೇಕು. ಸುರಕ್ಷತೆಯನ್ನು ಪಾಸ್ ಅಥವಾ ಫೇಲ್ ಅಂತಲೇ ಇಡಿ. ಹತ್ತು ಅಂಕ ಅಂತ ಇಟ್ಟರೆ ವೇಗದ ಹುಡುಗರು ಆ ಹತ್ತನ್ನು ಬಿಟ್ಟುಕೊಟ್ಟು ಗೆಲ್ಲುತ್ತಾರೆ.

ಆಳದ ನೀರಿನಲ್ಲಿ ಮಗುಚಿ ಮತ್ತೆ ಹತ್ತುವುದನ್ನು ಎಡದಿಂದಲೂ ಬಲದಿಂದಲೂ ಮೂರು ಮೂರು ಸಲ ತೋರಿಸಲಿ, ಅದೂ ಕೊನೆಯ ಅಭ್ಯಾಸದ ನಂತರ, ದಣಿದ ಮೈಯಲ್ಲಿ. ಬರೀ ಒಂದು ಕಡೆಯಿಂದ ಹತ್ತಲು ಬಂದರೆ ಸಾಲದು. ಗಾಳಿ ಇನ್ನೊಂದು ಕಡೆಯಿಂದ ಬಂದ ದಿನ ದೋಣಿ ಮೈಮೇಲೆಯೇ ಬರುತ್ತದೆ. ಲೀಶ್ (ಸ್ಪರ್ಧಿಯನ್ನು ದೋಣಿಗೆ ಜೋಡಿಸುವ ಹಗ್ಗ) ಪರೀಕ್ಷಿಸುವಾಗ ಹಗ್ಗಕ್ಕಿಂತ ಮೊದಲು ವೆಲ್ಕ್ರೋ ನೋಡಿ. ಮರಳು ತುಂಬಿದ ವೆಲ್ಕ್ರೋ ಕೈಯಲ್ಲಿ ಎಳೆದರೆ ಹಿಡಿಯುತ್ತದೆ, ಅಲೆ ಎಳೆದರೆ ಬಿಡುತ್ತದೆ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿಯಲ್ಲಿ ಖಾಲಿ ಸರ್ಫ್‌ಸ್ಕೀ ಈಜುವವರಿಗಿಂತ ಬೇಗ ದೂರವಾಗುತ್ತದೆ. ತೇಲುಜಾಕೆಟ್, ಸೀಟಿ, ನೀರು ಹೋಗದ ಚೀಲದಲ್ಲಿ ಫೋನ್ ಅಥವಾ ವಿಎಚ್‌ಎಫ್ ರೇಡಿಯೊ ಮೈಮೇಲೇ ಇರಲಿ, ದೋಣಿಯಲ್ಲಲ್ಲ.

ಇನ್ನೊಂದು ಮಾತು ದಯವಿಟ್ಟು ಮರೆಯಬೇಡಿ. ಬಿದ್ದವರ ನೆರವಿಗೆ ನಿಂತು ರೇಸ್ ಕಳೆದುಕೊಂಡ ಮಗುವಿಗೆ ಆ ರೇಸಿನ ಅಂಕವಾಗಿ ಅವರ ಉಳಿದ ರೇಸ್‌ಗಳ ಸರಾಸರಿಯನ್ನೇ ಕೊಡಿ. ನಿಂತದ್ದಕ್ಕೆ ಶಿಕ್ಷೆಯಾಗುತ್ತದೆ ಎಂದಾದರೆ ಮುಂದಿನ ಸಲ ಯಾರೂ ನಿಲ್ಲುವುದಿಲ್ಲ. ಚುಕ್ಕಾಣಿಯ ತಂತಿ ಕಿತ್ತು ಹಿಂದೆ ಸರಿದರೆ ಈ ರಿಯಾಯಿತಿ ಇಲ್ಲ. ದೋಣಿ ನೋಡಿಕೊಳ್ಳುವುದೂ ಸ್ಪರ್ಧೆಯ ಭಾಗವೇ.

ಅಲೆಸಾಲು
ತುಂಬ ಉಪಕಾರವಾಯಿತು. ಎರಡು ಸಂದೇಹ ಉಳಿದಿವೆ. ಹುಡುಗಿಯರು 5 ನಿಮಿಷ ತಡವಾಗಿ ಹೊರಡುತ್ತಾರೆ, ಮಧ್ಯದಲ್ಲಿ ಕೆಲವರು ಹುಡುಗರ ದೋಣಿಗಳ ಹಿಂದೆ ಸೇರಿಕೊಳ್ಳುತ್ತಾರೆ. ಇದಕ್ಕೇನು ಮಾಡುವುದು? ವಯಸ್ಸಿಗೆ ತರಗತಿ ನೋಡಬೇಕೋ, ಹುಟ್ಟಿದ ದಿನವೋ?

ಹುಟ್ಟುಗೋಲು
ಪಟ್ಟಿಯಲ್ಲಿ ‘ಗನ್ ಸಮಯ’ (ಮೊದಲ ಗುಂಪು ಹೊರಟಾಗಿನಿಂದ), ‘ಗುಂಪಿನ ಸಮಯ’ (ತಮ್ಮ ಗುಂಪು ಹೊರಟಾಗಿನಿಂದ) ಎಂದು ಎರಡು ಕಾಲಂ ಇರಲಿ, ಅಂಕಕ್ಕೆ ಎರಡನೆಯದು. ಮೊದಲ ಗುಂಪಿನ ಗಡಿಯಾರವನ್ನೇ ಎಲ್ಲರಿಗೂ ಹಾಕಿಬಿಡುವುದು ನೋಡಿ ನೋಡಿ ಸಾಕಾಗುವಷ್ಟು ಸಾಮಾನ್ಯ ತಪ್ಪು. ಮೇಲಿನ ಉದಾಹರಣೆಯಲ್ಲಿ ಆ ಹುಡುಗಿಗೊಬ್ಬಳಿಗೇ 300 ಸೆಕೆಂಡು ಕೂಡಿಕೊಂಡರೆ 96.2 ಇದ್ದದ್ದು 89.3ಕ್ಕೆ ಇಳಿಯುತ್ತದೆ, ಪಟ್ಟಿಯಿಂದಲೇ ಹೊರಗೆ ಬೀಳುತ್ತಾಳೆ.

ಬೇರೆಯವರ ದೋಣಿ ಎಬ್ಬಿಸುವ ಅಲೆಯ ಹಿಂದೆ ಸೇರುವುದಕ್ಕೆ ಒಂದೇ ನಿಯಮ ಸಾಕು: ಅದೇ ಬಗೆಯ ದೋಣಿ, ಅದೇ ವಿಭಾಗ. ದೊಡ್ಡ ದೋಣಿಯ ಪಕ್ಕದ ಅಲೆಯಲ್ಲಿ ಕೂತವರ ಶ್ರಮ ಗಣನೀಯವಾಗಿ ಉಳಿಯುತ್ತದೆ, ಆ ಅಂಕ ಅವರದ್ದಲ್ಲ. ನಿಯಮವನ್ನು ಹೊರಡುವ ಮುಂಚಿನ ಸಭೆಯಲ್ಲಿ ಬಾಯಿಬಿಟ್ಟು ಹೇಳಿ, ಬೋಯ್ (ದಾರಿ ಗುರುತಿಸುವ ತೇಲುಗುರುತು) ತಿರುವಿನಲ್ಲಿ ನಿಂತ ದೋಣಿಯವರಿಗೆ ನಂಬರ್ ಬರೆದುಕೊಳ್ಳಲು ತಿಳಿಸಿ. ಬೋಯ್ ದಾಟಿದ ಮೇಲೆ ಬಿಡಿಸಿಕೊಳ್ಳಲು ಒಂದು ಎಚ್ಚರಿಕೆ, ಎರಡನೆಯ ಸಲಕ್ಕೆ ಆ ರೇಸಿನ ಅಂಕ ಇಲ್ಲ.

ಅರ್ಹತೆಗೆ ಶಾಲೆಯ ದಾಖಲಾತಿ, ವಿಭಾಗಕ್ಕೆ ಹುಟ್ಟಿದ ದಿನ. 14–15 ಒಂದು, 16–18 ಇನ್ನೊಂದು. ಐಸಿಎಫ್‌ನ (ಅಂತರರಾಷ್ಟ್ರೀಯ ಕನೂ ಒಕ್ಕೂಟ) ಕಡಲ ರೇಸಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಜೂನಿಯರ್ ಅಂದರೆ 18ರವರೆಗೆ, ಆದ್ದರಿಂದ ಮುಂದೆ ಹೋಗುವ ಮಕ್ಕಳಿಗೆ ಈ ಗೆರೆ ಹೊಂದುತ್ತದೆ.

ತೆರೆನೋಟ
ಪ್ರಮಾಣಪತ್ರದಲ್ಲಿ ‘ಅತ್ಯುತ್ತಮ ಕ್ರೀಡಾಪಟು’ ಅಂತಷ್ಟೇ ಅಚ್ಚು ಹಾಕಿಸಬೇಡಿ. ಮುಂದೆ ಅದನ್ನು ಓದುವ ಕೋಚ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಹೀಗಿರಲಿ: “ಓಸಿ1, ಹುಡುಗಿಯರು 16–18. ಐದರಲ್ಲಿ ಉತ್ತಮ ಮೂರು ರೇಸ್‌ಗಳ ಸರಾಸರಿ 97.4. ಅತ್ಯುತ್ತಮ ಫಲಿತಾಂಶ: 12 ಕಿ.ಮೀ., ಅಡ್ಡಗಾಳಿ 16 ನಾಟ್, 14 ಮಂದಿಯಲ್ಲಿ ಎರಡನೆಯ ಸ್ಥಾನ, ಮೊದಲಿನವರಿಗಿಂತ 22 ಸೆಕೆಂಡು ಹಿಂದೆ.” ಗಾಳಿಯ ಅಳತೆಯನ್ನು ರೇಸ್ ದಿನವೇ, ಹೊರಟಾಗ ಒಮ್ಮೆ, ಮುಗಿದಾಗ ಒಮ್ಮೆ ಬರೆದಿಡಿ.

ಲಂಗರು
ಇಬ್ಬರ ಸರಾಸರಿಯ ಅಂತರ 0.3ರೊಳಗಿದ್ದರೆ ಅವರಿಬ್ಬರೂ ಒಟ್ಟಿಗೆ ಓಡಿದ ರೇಸ್‌ಗಳಲ್ಲಿ ಯಾರು ಹೆಚ್ಚು ಸಲ ಮುಂದೆ ಬಂದರು ನೋಡಿ. ಅದೂ ಸಮವಾದರೆ ಇಬ್ಬರಿಗೂ ಕೊಡಿ. ಕಡಲಲ್ಲಿ 0.3 ಅಂದರೆ ಒಂದೇ ಒಂದು ಒಳ್ಳೆಯ ಅಲೆ.