ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ಮಾತು ಸರಿಯಾಗಿ ಬರುತ್ತಿಲ್ಲ, ಸ್ಪೀಚ್ ಥೆರಪಿಗೆ ಸಹಾಯ ಬೇಕು

ನಮಸ್ಕಾರ. ಹೋದ ತಿಂಗಳು ಅಪ್ಪನಿಗೆ ಲಕ್ವ ಹೊಡೆಯಿತು. ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡಿತ್ತು. ಬಾಯಿ ಸೊಟ್ಟಗಾದ ಕೂಡಲೇ 108ಕ್ಕೆ ಫೋನ್ ಮಾಡಿದೆವು. ನಾಲ್ಕೂವರೆ ಗಂಟೆಯೊಳಗೆ ಸಿಟಿ ಸ್ಕ್ಯಾನ್ ಮುಗಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಈಗ ಕೋಲು ಹಿಡಿದು ತಾವೇ ಬಚ್ಚಲಿಗೆ ಹೋಗುತ್ತಾರೆ.

ತೊಂದರೆ ಇರುವುದು ಮಾತಿನದ್ದು. ನಾವು ಹೇಳಿದ್ದು ಅರ್ಥವಾಗುತ್ತದೆ. ಆದರೆ ನೀರು ಬೇಕಾದಾಗ ‘ಚಾವಿ, ಚಾವಿ’ ಅನ್ನುತ್ತಾರೆ. ತಪ್ಪು ಹೇಳಿದ್ದು ಅವರಿಗೇ ಗೊತ್ತಾಗಿ ಲೋಟ ತಳ್ಳಿಬಿಡುತ್ತಾರೆ. ವಿಚಿತ್ರ ಅಂದ್ರೆ, ಭಜನೆ ಶುರು ಮಾಡಿದರೆ ಸಾಲಿಗೆ ಸಾಲು ಸರಾಗವಾಗಿ ಹಾಡುತ್ತಾರೆ!

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೀಗೆ ಹಿರಿಯರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ನಾವಿರುವುದು ಅರಸೀಕೆರೆ ಹತ್ತಿರದ ಹಳ್ಳಿ, ವಾರ ವಾರ ಓಡಾಡುವುದು ಕಷ್ಟ. ಒಂದೆರಡು ಸಲ ತೋರಿಸಿ ಆಮೇಲೆ ವಿಡಿಯೋ ಕಾಲ್‌ನಲ್ಲೇ ಮುಂದುವರಿಸಬಹುದಾ? ಹಾಸನದ ಕಡೆ ಮನೆಗೇ ಬರುವ ಥೆರಪಿಸ್ಟ್ ಗೊತ್ತಿದ್ದರೂ ತಿಳಿಸಿ. ಕನ್ನಡದಲ್ಲಿ ಚಿತ್ರ ತೋರಿಸಿ ಮಾತಾಡಿಸುವ ಚಾರ್ಟ್ ಇದ್ದರೆ ಜೆರಾಕ್ಸ್ ಖರ್ಚು ಕೊಡುತ್ತೇನೆ.

ಪಾರಿವಾಳದ ರಕ್ತ ಹಚ್ಚಿ ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಅದಕ್ಕೆ ನಮ್ಮ ನೆಂಟರೇ ಸಾಕಷ್ಟು ಜನ ಇದ್ದಾರೆ.